‘ಗಣಿ ನುಂಗಿತು’ ಅಂದರೆ ಏನಾಗಿತ್ತು?
ಹಿರಿಯರ ಹುಡುಕಾಟ: ಓದುಗರ ಪತ್ರಗಳಿಗೆ ಉತ್ತರ

ಪ್ರಶ್ನೆ: ನನ್ನ ಅಜ್ಜಿಗೆ ತೊಂಬತ್ತು ದಾಟಿದೆ. ಅವರ ಅಪ್ಪ ನಮ್ಮ ಹಳ್ಳಿಯಿಂದ ಕೋಲಾರ ಚಿನ್ನದ ಗಣಿಗೆ ಕೂಲಿಗೆ ಹೋದವರು. ‘ಬಹುಧಾನ್ಯ ಸಂವತ್ಸರ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಪ್ಪನ್ನ ಗಣಿ ನುಂಗ್ತು’ ಎಂದಷ್ಟೇ ಅಜ್ಜಿ ಹೇಳುತ್ತಾರೆ. ಆಗ ಅವರಿಗೆ ಐದು ವರ್ಷ. ಶವ ಊರಿಗೆ ಬರಲಿಲ್ಲವಂತೆ. ಫೋಟೊ ಇಲ್ಲ, ಕಾಗದ ಇಲ್ಲ. ಪಿತೃಪಕ್ಷದಲ್ಲಿ ಉಳಿದ ಹಿರಿಯರಿಗೆಲ್ಲ ಅಮಾವಾಸ್ಯೆಯ ದಿನ ಎಡೆ ಇಟ್ಟರೆ, ಅವರೊಬ್ಬರಿಗೆ ಮಾತ್ರ ಹಿಂದಿನ ದಿನ ಇಡುವುದು ನಮ್ಮ ಮನೆಯ ಪದ್ಧತಿ. ಅವರು ಹೇಗೆ ತೀರಿಕೊಂಡರು ಎಂಬುದನ್ನು ಅಜ್ಜಿ ಇರುವಾಗಲೇ ತಿಳಿಯಬಹುದೇ?
— ಓದುಗರು, ಮಾಲೂರು

ಉತ್ತರ: ಕಾಗದ ಇಲ್ಲ ಎಂದು ಬರೆದಿದ್ದೀರಿ. ಆದರೆ ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ.

ಮೊದಲನೆಯದು ಸಂವತ್ಸರದ ಹೆಸರು. ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಬಹುಧಾನ್ಯ, ನಿಮ್ಮ ಅಜ್ಜಿಯ ವಯಸ್ಸಿಗೆ ಹೊಂದುವಂತೆ, 1938ರ ಯುಗಾದಿಯಿಂದ 1939ರ ಯುಗಾದಿಯವರೆಗಿನದು. ದೀಪಾವಳಿ ಕಳೆದು ಸ್ವಲ್ಪ ದಿನ ಎಂದರೆ ಕಾರ್ತೀಕ ಮಾಸ. ಇಂಗ್ಲಿಷ್ ಲೆಕ್ಕದಲ್ಲಿ 1938ರ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೂರನೇ ವಾರದವರೆಗೆ. ‘ಸ್ವಾತಂತ್ರ್ಯಕ್ಕೆ ಮುಂಚೆ ಯಾವಾಗಲೋ’ ಎಂದು ಕೇಳಿಕೊಂಡು ಹೋದವರಿಗೆ ಯಾವ ಕಚೇರಿಯೂ ರಿಜಿಸ್ಟರ್ ತೆರೆಯುವುದಿಲ್ಲ. ನೀವು ಒಂದು ತಿಂಗಳನ್ನು ಹೆಸರಿಸಿ ಕೇಳಬಲ್ಲಿರಿ.

ಎರಡನೆಯದು ಆ ಎಡೆ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಚತುರ್ದಶಿ. ಆಯುಧದಿಂದಲೋ ಅಪಘಾತದಿಂದಲೋ ಸತ್ತವರಿಗೆ ಆ ದಿನ ಶ್ರಾದ್ಧ ಮಾಡುವ ರೂಢಿಯಿದೆ. ಅದನ್ನು ಘಾತ ಚತುರ್ದಶಿ ಎನ್ನುತ್ತಾರೆ. ಕುಟುಂಬದಿಂದ ಕುಟುಂಬಕ್ಕೆ ಆಚರಣೆ ಬೇರೆಯಾಗುವುದರಿಂದ ಇದನ್ನೇ ಪುರಾವೆ ಎನ್ನಲಾರೆ. ಆದರೂ ಉಳಿದವರಿಂದ ಬೇರ್ಪಡಿಸಿ ಅವರೊಬ್ಬರಿಗೇ ಆ ದಿನ ಇಟ್ಟಿದ್ದಾರೆಂದರೆ, ಸಾವು ಸಹಜವಾದದ್ದಲ್ಲ ಎಂದು ಅಂದಿನವರಿಗೆ ಗೊತ್ತಿತ್ತು ಎಂದೇ ನನ್ನ ಅಂದಾಜು. ಎಂಬತ್ತಕ್ಕೂ ಹೆಚ್ಚು ವರ್ಷ ನಿಮ್ಮ ಮನೆಯ ಹೆಂಗಸರು ಒಂದು ಬಾಳೆಲೆಯ ಮೇಲೆ ಆ ಸಂಗತಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು.

ಇನ್ನು ಅಜ್ಜಿಯನ್ನು ಕೇಳಬೇಕಾದ ಮುಖ್ಯ ಪ್ರಶ್ನೆ: ಯಾವ ಗಣಿ? ನಾವು ಕೆಜಿಎಫ್ ಎಂದು ಒಂದೇ ಉಸಿರಿಗೆ ಹೇಳಿದರೂ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಇವೆಲ್ಲ ಆಗ ಬೇರೆ ಬೇರೆ ಕಂಪನಿಗಳು. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಸಂಸ್ಥೆ ಅವುಗಳ ಆಡಳಿತ ನೋಡಿಕೊಳ್ಳುತ್ತಿದ್ದರೂ ಲೆಕ್ಕಪತ್ರ ಬೇರೆ ಬೇರೆಯೇ. ಗಣಿಯ ಹೆಸರು ಅಜ್ಜಿಗೆ ನೆನಪಿಲ್ಲದಿದ್ದರೆ ಅಪ್ಪ ಯಾವ ಲೈನಿನಲ್ಲಿ ಇದ್ದರು ಎಂದು ಕೇಳಿ. ಕೂಲಿಯವರ ತಟ್ಟಿ ಮನೆಗಳ ಸಾಲುಗಳು ಆಯಾ ಗಣಿಯ ಪಕ್ಕದಲ್ಲೇ ಇದ್ದವು. ಲೈನ್ ಗೊತ್ತಾದರೆ ಗಣಿಯೂ ಗೊತ್ತಾಗುತ್ತದೆ. ಜೊತೆಗೆ, ಯಾವ ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಕರೆದುಕೊಂಡು ಹೋದದ್ದು ಎಂದೂ ಕೇಳಿ. ನೆಲದಡಿಯ ಕೂಲಿಗಳಲ್ಲಿ ಬಹಳ ಮಂದಿ ಕಂಟ್ರಾಕ್ಟರರ ಆಳುಗಳು, ಕಂಪನಿಯ ನೇರ ನೌಕರರಲ್ಲ. ಕಂಪನಿಯ ಪುಸ್ತಕದಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅವರು ಅಲ್ಲಿ ದುಡಿಯಲೇ ಇಲ್ಲ ಎಂದು ತಿಳಿಯಬೇಡಿ.

ಆಮೇಲೆ ಮರಣ ನೋಂದಣಿ. ಸಾವು ಎಲ್ಲಿ ಆಯಿತೋ ಅಲ್ಲಿಯ ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಸ್ವಂತ ಊರಿನದರಲ್ಲಿ ಅಲ್ಲ. ಆದ್ದರಿಂದ ಮಾಲೂರು ತಾಲ್ಲೂಕು ಕಚೇರಿಗೆ ಅಲೆಯುವ ಮುಂಚೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ನಗರಸಭೆಯಲ್ಲಿ ವಿಚಾರಿಸಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಿ ನಕಲು ಕೇಳಬಹುದು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಹೆಸರು ಗುರುತೇ ಸಿಗದಂತಾಗಿರುತ್ತದೆ. ಒಬ್ಬ ಮುನಿಯಪ್ಪ ಮೂರು ಪುಟಗಳಲ್ಲಿ ಮೂರು ಕಾಗುಣಿತದಲ್ಲಿ ಸಿಗಬಹುದು. ಹೆಸರಿಗಿಂತ ತಂದೆಯ ಹೆಸರು, ಊರು, ವಯಸ್ಸು ನೋಡಿ.

ಗಣಿಯೊಳಗೆ ಸತ್ತಿದ್ದರೆ ಇನ್ನೊಂದು ದಾರಿಯಿದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಮುಖ್ಯ ಗಣಿ ಇನ್‌ಸ್ಪೆಕ್ಟರ್ ಇದ್ದರು. ಅವರು ವರ್ಷ ವರ್ಷ ವರದಿ ಕೊಡುತ್ತಿದ್ದರು. ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. 1938ನೇ ಇಸವಿ ಮತ್ತು ‘ಗಣಿ ಅಪಘಾತ’ ಎಂಬ ವಿಷಯ ಹೇಳಿ ಸೂಚಿ ಕೇಳಿ.

ಶವ ಊರಿಗೆ ಬರಲಿಲ್ಲ ಎಂಬ ಮಾತಿನ ಬಗ್ಗೆ ಸ್ವಲ್ಪ ಎಚ್ಚರಿಕೆ ಬೇಕು. ಆಳದ ಬಂಡೆ ಅಗಾಧ ಒತ್ತಡದಲ್ಲಿರುತ್ತದೆ. ಅದಿರು ತೆಗೆದು ಜಾಗ ಖಾಲಿ ಮಾಡಿದಾಗ ಸುತ್ತಲಿನ ಕಲ್ಲು ಒಮ್ಮೆಗೇ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಎಂದು ಕೆಜಿಎಫ್‌ನ ಮಕ್ಕಳಿಗೂ ಗೊತ್ತಿದ್ದ ಮಾತು ಅದು. ಮೇಲಿನ ಮನೆಗಳೂ ಭೂಕಂಪವಾದಂತೆ ನಡುಗುತ್ತಿದ್ದವು. ನಿಮ್ಮ ಮುತ್ತಜ್ಜ ಅದರಲ್ಲಿ ಸಿಕ್ಕಿರಬಹುದು. ಆದರೆ ಶವ ಸಿಕ್ಕಿಯೂ, ಊರಿಗೆ ಸಾಗಿಸಲಾಗದೆ, ಅಲ್ಲೇ ಮಣ್ಣು ಮಾಡಿರುವ ಸಾಧ್ಯತೆಯೂ ಇದೆ. ಗಣಿಯೊಳಗೇ ಉಳಿದರು ಎಂದು ದಾಖಲೆ ಸಿಗುವ ಮುಂಚೆ ಅಜ್ಜಿಗೆ ಹೇಳಬೇಡಿ.

ಕೊನೆಯದಾಗಿ, 1939–40ರ ಸುಮಾರಿಗೆ ಮುತ್ತಜ್ಜಿ ಏನಾದರೂ ಜಮೀನು ಕೊಂಡರೇ, ಸಾಲ ತೀರಿಸಿದರೇ? ಕೂಲಿಯವನ ವಿಧವೆಯ ಕೈಗೆ ಒಮ್ಮೆಗೇ ಹಣ ಬಂದಿದ್ದರೆ ಅದು ಪರಿಹಾರದ ಹಣವಾಗಿರಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ಕ್ರಯಪತ್ರ ಇದೆಯೇ ನೋಡಿ.

ಪ್ರಶ್ನೆ: ನನ್ನ ತಾತ ನಂದಿದುರ್ಗ ಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದರು. 1958ರಲ್ಲಿ ಊರಿಗೆ ಬಂದು, ಕೆಮ್ಮಿ ಕೆಮ್ಮಿ ತೀರಿಕೊಂಡರು. ದೊಡ್ಡಪ್ಪ ‘ಗಣಿ ಅಪಘಾತ’ ಎನ್ನುತ್ತಾರೆ, ಅತ್ತೆ ‘ಟಿಬಿ’ ಎನ್ನುತ್ತಾರೆ. ಯಾರನ್ನು ನಂಬಲಿ?
— ಓದುಗರು, ಮುಳಬಾಗಿಲು

ಉತ್ತರ: ಇಬ್ಬರ ಮಾತಿನಲ್ಲೂ ನಿಜದ ಪಾಲು ಇರಬಹುದು. ಕೋಲಾರದ ಚಿನ್ನ ಬೆಣಚುಕಲ್ಲಿನ ಪದರದಲ್ಲಿತ್ತು. ಆ ಕಲ್ಲನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಅದು ಬಂದವರಿಗೆ ಕ್ಷಯ ಬಹಳ ಬೇಗ ಅಂಟಿಕೊಳ್ಳುತ್ತದೆ. ಗಣಿಗಾರರ ಈ ಕಾಯಿಲೆಗೆ ಪರಿಹಾರ ಕೊಡಲು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ಹಾಗಾಗಿ ನೀವು ಹುಡುಕಬೇಕಾದದ್ದು ಅಪಘಾತದ ವರದಿಯನ್ನಲ್ಲ. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ವೈದ್ಯಕೀಯ ಮಂಡಳಿಯ ಪತ್ರ, ‘ಕೆಲಸಕ್ಕೆ ಅನರ್ಹ’ ಎಂದು ಬಿಡುಗಡೆ ಮಾಡಿದ ಆದೇಶ. ಸಾವು ಊರಿನಲ್ಲೇ ಆದುದರಿಂದ ಮರಣ ನೋಂದಣಿಯನ್ನು ನಿಮ್ಮ ತಾಲ್ಲೂಕಿನಲ್ಲೇ ಕೇಳಿ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಬಂಡೆ ಬಿದ್ದು ಸತ್ತವರನ್ನು ಗಣಿಯ ಸಾವಿನ ಲೆಕ್ಕಕ್ಕೆ ಸೇರಿಸಿ, ಧೂಳು ಕುಡಿದು ಹತ್ತು ವರ್ಷ ನವೆದು ಸತ್ತವರನ್ನು ಬಿಡುವುದು ಅನ್ಯಾಯ. ನಿಮ್ಮ ತಾತನನ್ನು ಕೊಂದದ್ದು ಗಣಿಯ ಧೂಳು ಎಂದು ಕಾಗದ ಹೇಳಿದರೆ, ಹಾಗೆಯೇ ವಂಶಾವಳಿಯಲ್ಲಿ ಬರೆಯಿರಿ.

ಪ್ರಶ್ನೆ: ಗಣಿಯೇ ಮುಚ್ಚಿದೆ. ದಾಖಲೆಗಳನ್ನು ಯಾರಲ್ಲಿ ಕೇಳುವುದು?
— ಓದುಗರು, ಬೆಂಗಳೂರು

ಉತ್ತರ: 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ಆ ಕಂಪನಿ ಕೇಂದ್ರ ಗಣಿ ಸಚಿವಾಲಯದ ಕೆಳಗಿನದು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ‘ನನ್ನ ತಾತ ಹೇಗೆ ಸತ್ತರು’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಗಣಿಯ ಹೆಸರು, ತಿಂಗಳು, ವರ್ಷ ಬರೆದು, ಆ ಅವಧಿಯ ಹಾಜರಿ, ಅಪಘಾತ ಮತ್ತು ಪರಿಹಾರದ ರಿಜಿಸ್ಟರುಗಳನ್ನು ಪರಿಶೀಲಿಸಲು ಅವಕಾಶ ಕೊಡಿ ಎಂದು ಕೇಳಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಅಲ್ಲಿಗೆ ಕಳಿಸುವುದು ಅವರದೇ ಹೊಣೆ. ‘ದಾಖಲೆ ಲಭ್ಯವಿಲ್ಲ’ ಎಂದು ಬಂದರೂ ಆ ಪತ್ರವನ್ನು ಎಸೆಯಬೇಡಿ; ಮೇಲ್ಮನವಿ ಹಾಕಲು ಅದೇ ಬೇಕು.