ಸಣ್ಣ ಎಂಜಿನ್ನಿನ ಕಿಡಿದೋಷ: ಪರೀಕ್ಷೆಯ ಕ್ರಮ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ದಾಳಿಂಬೆ ತೋಟಗಳಲ್ಲಿ ಔಷಧ ಸಿಂಪಡಿಸುವ ಸಣ್ಣ ಪೆಟ್ರೋಲ್ ಎಂಜಿನ್ನು ಪರಿಚಿತ ಸಾಧನವಾಗಿದೆ. ಮಳೆಗಾಲದಲ್ಲಿ ಅದು ಕೆಟ್ಟು ಕುಳಿತರೆ ದುಂಡಾಣು ಅಂಗಮಾರಿ ಹಬ್ಬಿ ವರ್ಷದ ಫಸಲೇ ಕೈತಪ್ಪಬಹುದು. ಆದುದರಿಂದ ದೋಷವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ನಮ್ಮ ವಿದ್ಯಾರ್ಥಿಗಳು ಅರಿತಿರುವುದು ಅವಶ್ಯ.

ಹಗ್ಗವೆಳೆದು ಚಾಲೂ ಮಾಡುವ ಇಂತಹ ಎಂಜಿನ್ನಿಗೆ ಬ್ಯಾಟರಿ ಬೇಕಿಲ್ಲ. ಫ್ಲೈವ್ಹೀಲಿನಲ್ಲಿರುವ ಅಯಸ್ಕಾಂತವು ಕಾಯಿಲಿನ ಮುಂದೆ ಹಾಯುವಾಗ, ಫ್ಯಾರಡೆಯವರು 1831ರಲ್ಲಿ ಕಂಡ ತತ್ತ್ವದಂತೆ ವಿದ್ಯುತ್ತು ಹುಟ್ಟಿ, ಸಾವಿರಾರು ವೋಲ್ಟಿಗೇರಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ.

ಸ್ವಿಚ್ಚು, ಪೆಟ್ರೋಲು ಸರಿಯಿವೆಯೇ ಎಂದು ಮೊದಲು ನೋಡಿ, ಎಂಜಿನ್ನು ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಬೇಕು. ತುದಿ ಒಣಗಿದ್ದರೆ ಇಂಧನ ತಲಪುತ್ತಿಲ್ಲ; ತೊಯ್ದಿದ್ದರೆ ಇಂಧನ ಬಂದರೂ ಉರಿಯುತ್ತಿಲ್ಲ. ಮಸಿಯನ್ನು ತೆಗೆದು, ತುದಿಗಳ ಅಂತರವನ್ನು ಕೈಪಿಡಿಯಂತೆ, ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರಿಗೆ, ಹೊಂದಿಸಬೇಕು. ಅನಂತರ ಪ್ಲಗ್ಗಿಗೆ ತಂತಿ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗವೆಳೆಯಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯದೆ ರಬ್ಬರ್ ಹಿಡಿಕೆಯ ಇಕ್ಕಳ ಬಳಸಬೇಕು. ಪ್ಲಗ್ಗಿನ ರಂಧ್ರದಿಂದಲೂ ಪೆಟ್ರೋಲಿನಿಂದಲೂ ದೂರವಿರಿಸಬೇಕು.

ನೀಲಿ ಕಿಡಿ ಹಾರಿದರೆ ದೋಷವನ್ನು ಇಂಧನದ ಮಾರ್ಗದಲ್ಲಿ ಅರಸಬೇಕು. ಹಾರದಿದ್ದರೆ ಹೊಸ ಪ್ಲಗ್ಗಿನಿಂದ ಪರೀಕ್ಷಿಸಬೇಕು. ಆಗಲೂ ಇಲ್ಲವಾದರೆ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ತಂತಿಯನ್ನು ಬಿಡಿಸಿ ನೋಡಬೇಕು. ಕಿಡಿ ಮರಳಿದರೆ ಸವೆದ ತಂತಿಯೋ ಸ್ವಿಚ್ಚೋ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸುತ್ತಿದೆ ಎಂದರ್ಥ. ದುರಸ್ತಿಯ ಬಳಿಕ ಆ ತಂತಿಯನ್ನು ಮರಳಿ ಜೋಡಿಸದಿದ್ದರೆ ಸ್ವಿಚ್ಚಿನಿಂದ ಎಂಜಿನ್ನನ್ನು ನಿಲ್ಲಿಸಲಾಗದು. ಇವೆಲ್ಲವೂ ಸರಿಯಿದ್ದಲ್ಲಿ ಮಾತ್ರ ಬೆಲೆಯುಳ್ಳ ಕಾಯಿಲನ್ನು ಶಂಕಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ನೋಡುವುದು ಇಲ್ಲಿನ ನಿಯಮ. ಎರಡನ್ನು ಒಮ್ಮೆಲೇ ಬದಲಿಸಿದರೆ ಎಂಜಿನ್ನು ನಡೆದೀತು, ಕಾರಣ ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದಲೇ ತೊಡಗಬೇಕಾದೀತು.