ತುರ್ತುಕ್‌ಗೆ ಹೊರಟವನಿಗೆ ಒಂದು ಕಿವಿಮಾತು

ಮಗಾ, ಬೈಕ್ ಸರ್ವೀಸ್ ಆಯ್ತು, ಲಡಾಖ್‌ಗೆ ಹೊರಡೋದೇ ಬಾಕಿ ಅಂದೆ. ಸಂತೋಷ. ಖರ್ದುಂಗ್ ಲಾ ದಾಟಿ, ಶ್ಯೋಕ್ ನದಿಯ ದಂಡೆ ಹಿಡಿದು ಪಾಕಿಸ್ತಾನದ ಗಡಿ ಪಕ್ಕದ ತುರ್ತುಕ್‌ವರೆಗೂ ಹೋಗ್ತೀಯಂತೆ. ಉಸಿರಾಟ, ಪೆಟ್ರೋಲು, ಸಿಮ್ಮು, ಪರ್ಮಿಟ್ಟು ಅಂತ ನಿನ್ನ ಗೆಳೆಯರು ಎಲ್ಲ ಹೇಳಿರ್ತಾರೆ. ನನ್ನದೊಂದೇ ಮಾತು: ಆ ಊರಿನ ಯಾರನ್ನೂ ‘ನಿಮಗೆ ಭಾರತ ಇಷ್ಟವೋ, ಪಾಕಿಸ್ತಾನವೋ’ ಅಂತ ಕೇಳಬೇಡ.

ಯಾಕೆ ಅಂತೀಯಾ? 1971ರ ಡಿಸೆಂಬರ್‌ವರೆಗೆ ತುರ್ತುಕ್ ಪಾಕಿಸ್ತಾನದ ಹಿಡಿತದಲ್ಲಿತ್ತು. ಆ ತಿಂಗಳ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮೇಜರ್ ಚೆವಾಂಗ್ ರಿಂಚೆನ್ ಮುಂದಾಳತ್ವದ ನಮ್ಮ ಪಡೆ ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಊರುಗಳನ್ನು ಗೆದ್ದುಕೊಂಡಿತು. ಮರುವರ್ಷ ಶಿಮ್ಲಾ ಒಪ್ಪಂದವಾದಾಗ ಅವು ನಮ್ಮಲ್ಲೇ ಉಳಿದವು. ಮನೆ, ಹೊಲ ಬಿಟ್ಟು ಕದಲದವರಿಗೂ ದೇಶ ಬದಲಾಯ್ತು. ಆದರೆ ಓದಲಿಕ್ಕೆ, ದುಡಿಯಲಿಕ್ಕೆ ಅಂತ ಆಚೆ ಹೋಗಿದ್ದವರು ಆಚೆಯೇ ಉಳಿದುಬಿಟ್ಟರು. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಅಣ್ಣ ಅಲ್ಲಿ, ತಮ್ಮ ಇಲ್ಲಿ. ನಂಟರ ಊರು ಬೆಟ್ಟದ ಆಚೆಗೇ ಇದ್ದರೂ, ವೀಸಾ ಸಿಕ್ಕವರು ಪಂಜಾಬಿನ ವಾಘಾ ಸುತ್ತಿಕೊಂಡು ಹೋಗಬೇಕಾಯ್ತು. ಇಂಥವರ ಮುಂದೆ ಮೊಬೈಲ್ ಹಿಡಿದು, ರೀಲ್ಸ್‌ಗೋಸ್ಕರ ಆ ಪ್ರಶ್ನೆ ಎಸೆಯೋದು ದೇಶಪ್ರೇಮವಲ್ಲಪ್ಪ, ಒರಟುತನ.

ಹಾಗಂತ ಮೌನವಾಗಿ ಬಾ ಅಂತಿಲ್ಲ. ಕೇಳೋದಕ್ಕೆ ಬೇಕಾದಷ್ಟಿದೆ. ಲಡಾಖಿನ ಹೆಚ್ಚು ಊರುಗಳಿಗಿಂತ ತಗ್ಗಿನಲ್ಲಿರೋ ಆ ಜಾಗದಲ್ಲಿ ಜರ್ದಾಳು ಹೇಗೆ ಬೆಳೀತಾರೆ, ಬೆಟ್ಟದ ನೀರನ್ನು ಕಾಲುವೆಯಲ್ಲಿ ಹೊಲಹೊಲಕ್ಕೆ ಹೇಗೆ ಹಂಚಿಕೊಳ್ತಾರೆ ಅಂತ ಕೇಳು. ಅವರಾಡೋ ಬಾಲ್ಟಿಯಲ್ಲಿ ಎರಡು ಮಾತು ಕಲಿ. ನಮ್ಮ ದೋಸೆಯ ಹಾಗಿರೋ ಕಿಸಿರ್ ಕೊಟ್ಟರೆ ತಿಂದು, ಚೆನ್ನಾಗಿದೆ ಅನ್ನು. ಹಳೆಯ ಕಥೆಯನ್ನು ಅವರಾಗಿ ತೆಗೆದರೆ ಕೂತು ಕೇಳು, ನಡುವೆ ತೀರ್ಪು ಕೊಡಬೇಡ.

ಪ್ರವಾಸಿಗರಿಗೆ ಆ ಊರು ತೆರೆದುಕೊಂಡಿದ್ದೇ 2010ರಲ್ಲಿ. ದುರ್ಬೀನಿನಲ್ಲಿ ಪಾಕಿಸ್ತಾನದ ಠಾಣೆ ನೋಡಿ ಸಂಜೆಗೆ ಹಿಂದಿರುಗೋರೇ ಬಹಳ. ನೀನು ರಾತ್ರಿ ಅಲ್ಲೇ ಯಾರ ಮನೆಯಲ್ಲಾದರೂ ಬಾಡಿಗೆಗೆ ಉಳಿದುಕೋ. ನಾಲ್ಕು ಕಾಸು ಊರಿಗೆ ಸೇರಲಿ. ಹೆಂಗಸರ ಫೋಟೋ ತೆಗೆಯೋ ಮುಂಚೆ ಒಪ್ಪಿಗೆ ಕೇಳು. ಸೇನೆಯ ಠಾಣೆ, ಸೇತುವೆ ಕಡೆ ಕ್ಯಾಮೆರಾ ತಿರುಗಿಸಲೇಬೇಡ.

ಗಡಿ ನೋಡಲು ಹೋಗಬೇಡ ಅಂತಲ್ಲ, ಮಗಾ. ಅಲ್ಲಿ ಸಂಸಾರ ಮಾಡೋರು ಮೊದಲು ನಿನ್ನ ಕಣ್ಣಿಗೆ ಬೀಳಲಿ. ನೆಂಟನ ಹಾಗೆ ಹೋಗು, ನೆಂಟನ ಹಾಗೇ ಬಾ.