ಬಂತ ನೋಡೋ ಮತ್ತ

ತಮ್ಮಾ,

ನಿನ್ನ ಮೂರನೆಯ ಕಿರುಚಿತ್ರ ನೋಡಿದೆ. ಮೊಮ್ಮಗಳು ಮೊಬೈಲಿನಲ್ಲಿ ಹಚ್ಚಿಕೊಟ್ಟಳು. ಮುಗಿದ ಮೇಲೆ "ಹೆಂಗನಸ್ತು ಅಜ್ಜಾ?" ಅಂದಳು. "ಛಲೋ ಐತಿ" ಅಂದೆ. ಆಕೆಗೆ ಹೇಳಿದ್ದು ಸುಳ್ಳು. ನಿನಗೂ ಅದನ್ನೇ ಹೇಳಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೊದಲ ಚಿತ್ರದಲ್ಲಿ ಸವದತ್ತಿ ಗುಡ್ಡದ ಮೇಲೆ ಭಂಡಾರದ ಅರಿಷಿಣ ಮಾರುವ ಮುದುಕಿ ಸಂಜೆ ಚಿಲ್ಲರೆ ಎಣಿಸುತ್ತಾಳಲ್ಲ, ಅದು ಇನ್ನೂ ಕಣ್ಣಿನಿಂದ ಹೋಗಿಲ್ಲ. ಹಳದಿ ಮೆತ್ತಿದ ಬೆರಳು, ಉಗುರಿನ ಸಂದಿಯಲ್ಲೂ ಹಳದಿ. ಐದು ರೂಪಾಯಿ ಕಡಿಮೆ ಬಿದ್ದು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಮೊದಲಿಂದ ಎಣಿಸುತ್ತಾಳೆ. ಎರಡನೆಯ ಚಿತ್ರದಲ್ಲಿ ಆ ಭಂಡಾರವನ್ನು ಗಾಳಿಗೆ ತೂರಿದಿ. ಅದು ನಿಧಾನಕ್ಕೆ ಇಳಿದುಬಂತು, ಜನ ಚಪ್ಪಾಳೆ ಹೊಡೆದರು. ಇರಲಿ. ಮೂರನೆಯದು ಮಲಪ್ರಭೆಯ ಹಿನ್ನೀರಿಗೆ ಹೊಲ ಕಳಕೊಂಡವನ ಕಥೆ. ಅಲ್ಲಿಗೂ ಭಂಡಾರ ಹಾರಿ ಬಂತು! ಮೇಲೆ ಡ್ರೋನ್ ಬೇರೆ ಏರಿತು. ನೀರಿಗೆ ಹೊಲ ಹೋದವನ ಮುಖ ನೋಡೋಣವೆಂದರೆ, ಆಕಾಶದಿಂದ ಅವನ ರುಮಾಲು ಮಾತ್ರ ಕಾಣುತ್ತಿತ್ತು.

ನಾನು ಬೈಲಹೊಂಗಲದ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದವ. ಕಾರ್ಬನ್ ಕಡ್ಡಿ ಸರಿಸುತ್ತ, ತೆರೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚಿದ ಕೂಡಲೇ ಇನ್ನೊಂದು ಮಶಿನ್ ಚಾಲೂ ಮಾಡುತ್ತ ಕಿಂಡಿಯಲ್ಲಿ ನಿಂತು ಬದುಕು ಸವೆಸಿದವ. ಆ ಕಿಂಡಿಯಿಂದ ತೆರೆಗಿಂತ ಹೆಚ್ಚು ಕಾಣುವುದು ತಲೆಗಳು. ಬೀಡಿ ಸೇದಲು ಯಾವ ದೃಶ್ಯಕ್ಕೆ ಎದ್ದು ಹೋಗುತ್ತಾರೆ ಅನ್ನುವುದೇ ನಮ್ಮ ವಿಮರ್ಶೆ.

ಪುಟ್ಟಣ್ಣ ಕಣಗಾಲರ ಚಿತ್ರಗಳಿಗೆ ಯಾರೂ ಏಳುತ್ತಿರಲಿಲ್ಲ. ಕಿತ್ತೂರಿನ ರಾಣಿಯನ್ನು 1961ರಲ್ಲಿ ತೆರೆಗೆ ತಂದ ಬಿ.ಆರ್. ಪಂತುಲು ಅವರ ಗರಡಿಯಲ್ಲಿ ಪಳಗಿದ ಆಳು. 1967ರಲ್ಲಿ 'ಬೆಳ್ಳಿಮೋಡ', ಆಮೇಲೆ 'ಗೆಜ್ಜೆಪೂಜೆ', 'ಶರಪಂಜರ', 'ನಾಗರಹಾವು', 'ಎಡಕಲ್ಲು ಗುಡ್ಡದ ಮೇಲೆ'. ಆರೇಳು ವರ್ಷಗಳಲ್ಲಿ ಇಷ್ಟು! ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಭಾರತೀಸುತ ಇವರ ಕಾದಂಬರಿಗಳನ್ನು ಅಕ್ಷರ ಬಾರದ ಹಮಾಲನೂ ನೋಡಿ ಅಳುವಂತೆ ಮಾಡಿದರು. 'ಶರಪಂಜರ'ದ ಕಾವೇರಿಯ ಮುಖದ ಮೇಲೆ ಕ್ಯಾಮೆರಾ ಸರಕ್ಕನೆ ಹತ್ತಿರ ನುಗ್ಗಿದಾಗ ನಮ್ಮ ಗಾಂಧಿ ಕ್ಲಾಸಿನಲ್ಲಿ ಉಸಿರು ನಿಂತಿತ್ತು. ಅವಳ ತಲೆಯೊಳಗಿನ ಬಿರುಗಾಳಿಯನ್ನು ತೋರಿಸಲು ಆ ಝೂಮ್ ಬೇಕೇಬೇಕಿತ್ತು.

ಮುಂದೆ ಅದು ಬೇಕಿಲ್ಲದಲ್ಲಿಯೂ ಬಂತು. ಎಪ್ಪತ್ತರ ದಶಕದ ಕೊನೆಕೊನೆಗೆ ಬಂದ ಅವರ ಚಿತ್ರವೊಂದರ ಎರಡನೇ ಆಟ. ಅರಳೆ ಮಾರುಕಟ್ಟೆಯ ಹಮಾಲರು ಮುಂದಿನ ಬೆಂಚಿನಲ್ಲಿ ಕೂತಿದ್ದರು, ತಲೆಗೂದಲಿಗೆ ಹತ್ತಿ ಇನ್ನೂ ಅಂಟಿತ್ತು. ತೆರೆಯ ಮೇಲೆ ನಾಯಕಿ ಹಿಂತಿರುಗಿದಳು ಅಷ್ಟೆ, ಒಬ್ಬ ಕೂಗಿದ: "ಬಂತ ನೋಡೋ ಮತ್ತ!" ಅವನ ಬಾಯಿ ಮುಚ್ಚುವ ಮೊದಲೇ ಝೂಮ್ ಬಂತು. ಟಾಕೀಸಿಗೆ ಟಾಕೀಸೇ ನಕ್ಕಿತು. ಅಳಬೇಕಾದ ಜಾಗ ಅದು. ಕಿಂಡಿಯಲ್ಲಿ ನಿಂತ ನನಗೆ ನಾಚಿಕೆಯಾಯಿತು, ನಾನೇ ಏನೋ ತಪ್ಪು ರೀಲು ಹಾಕಿದ ಹಾಗೆ.

ಪುಟ್ಟಣ್ಣನವರ ಬಗ್ಗೆ ಹೀಗಂದರೆ ಸಿಟ್ಟಾಗುವವರಿದ್ದಾರೆ. ಆಗಲಿ. ಅವರ ಚಿತ್ರಕ್ಕೆ ನನ್ನಷ್ಟು ಸಲ ಬೆಳಕು ಬಿಟ್ಟವರು ಮಾತಾಡಲಿ. 'ಕಾಲೇಜು ರಂಗ', 'ಫಲಿತಾಂಶ' ನಮ್ಮ ಕಡೆ ನಿಲ್ಲಲಿಲ್ಲ. ಕೆಲಸ ಮರೆತಿದ್ದರು ಅನ್ನಲಾರೆ, ಕೈ ಮೊದಲಿನಷ್ಟೇ ಚುರುಕಾಗಿತ್ತು. ಮನಸ್ಸು ಮುರಿದ ಹೆಣ್ಣು, ಅಪ್ಪಳಿಸುವ ಅಲೆ, ಒಡೆಯುವ ಗಾಜು ಇವು ಪಾತ್ರ ಕರೆದಾಗ ಬರುವುದನ್ನು ಬಿಟ್ಟು ತಾವೇ ಬಂದು ಕೂಡತೊಡಗಿದವು.

ನೀನು ಕೇಳಬಹುದು, ಮೊದಲೇ ಗೊತ್ತಾದರೆ ಏನು ತಪ್ಪು ಅಜ್ಜಾ ಅಂತ. ಏನೂ ತಪ್ಪಿಲ್ಲ. ನಮ್ಮೂರಿನ 'ಸಂಗ್ಯಾ-ಬಾಳ್ಯಾ' ಆಟ ತಗೋ. ಸಂಗ್ಯಾ ಸಾಯುತ್ತಾನೆಂದು ತೊಟ್ಟಿಲಿನ ಕೂಸಿಗೂ ಗೊತ್ತು. ಕಂಬಳಿ ಹೊದ್ದು ಬೆಳಗಿನ ತನಕ ಕೂಡುತ್ತೇವಲ್ಲ, ಯಾಕೆ? ಬಾಳ್ಯಾ ಇವತ್ತು ಯಾವ ಮಾತಿನಿಂದ ಗೆಳೆಯನನ್ನು ಮೋಸಕ್ಕೆ ಕೊಡುತ್ತಾನೋ, ಗಂಗಾ ಯಾವ ಎದುರುಮಾತು ಎಸೆಯುತ್ತಾಳೋ, ಅದು ಆ ರಾತ್ರಿಯ ತನಕ ಆಡುವವನಿಗೂ ಗೊತ್ತಿರುವುದಿಲ್ಲ. ಊರೂರಿಗೆ ಬದಲಾಗುತ್ತದೆ. ಕಥೆ ಗೊತ್ತಿದ್ದರೆ ನಡೆಯುತ್ತದಪ್ಪಾ, ಕಥೆ ಹೇಳುವವನ ಕೈ ಗೊತ್ತಾಗಬಾರದು.

ಮತ್ತೆ ಪುಟ್ಟಣ್ಣನವರ ಮಾತಿಗೆ ಬರುತ್ತೇನೆ. 1981ರಲ್ಲಿ 'ರಂಗನಾಯಕಿ' ಬಂತು, ನಾಟಕ ಕಂಪನಿಯ ಹೆಣ್ಣಿನ ಕಥೆ. ಕಂಪನಿ ಟೆಂಟಿನ ಧೂಳು ಕುಡಿದು ಬೆಳೆದ ಸೀಮೆ ನಮ್ಮದು, ಮುಖದ ಬಣ್ಣ ಒರೆಸಿಕೊಂಡ ಮೇಲೆ ನಟಿಯ ಬದುಕು ಏನೆಂದು ಬಲ್ಲವರು ನಾವು. ಆವತ್ತು ಬೆಂಚಿನಿಂದ ಯಾರೂ ಕೂಗಲಿಲ್ಲ. ಇಂಟರ್ವಲ್ಲಿನ ಚಹದಂಗಡಿಯಲ್ಲಿ ಸದ್ದು ಕೂಡ ಕಡಿಮೆಯಿತ್ತು. ಬಿದ್ದ ಮನುಷ್ಯ ಎದ್ದಿದ್ದ. ಆಮೇಲಿನ 'ಮಾನಸ ಸರೋವರ'ದಲ್ಲೂ ಆ ಉರಿ ಇತ್ತು. ಮತ್ತೆ ಬಂದವುಗಳಲ್ಲಿ ನನಗೆ ಅದು ಸಿಗಲಿಲ್ಲ. 1985ರ ಜೂನಿನಲ್ಲಿ 'ಮಸಣದ ಹೂವು' ಮುಗಿಸುವ ಮೊದಲೇ ತೀರಿಕೊಂಡರು, ಐವತ್ತೊಂದು ವಯಸ್ಸು. ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ಇನ್ನೊಂದು ಸಲ ಏಳುತ್ತಿದ್ದರೇನೋ ಅಂತ ಈಗಲೂ ಅನಿಸುತ್ತದೆ.

ನಿನಗೆ ಈಗ ಇಪ್ಪತ್ತಾರು. ಬಹುಮಾನ ಕೊಟ್ಟವರು, ಶಾಲು ಹೊದಿಸಿದವರು, ಕಿತ್ತೂರು ಉತ್ಸವದ ವೇದಿಕೆಯಲ್ಲಿ ಹೆಸರು ಕೂಗಿದವರು ಎಲ್ಲ "ಮತ್ತೊಮ್ಮೆ ಭಂಡಾರ ಹಾರಿಸು" ಎಂದೇ ಹೇಳುತ್ತಾರೆ. ಅವರದು ಪ್ರೀತಿಯೇ. ಆದರೆ ನಿನ್ನ ಸುತ್ತ 'ಇದು ಬ್ಯಾಡೋ' ಅನ್ನುವವನು ಒಬ್ಬನಾದರೂ ಇದ್ದಾನೇನು? ಮೊದಲಿನ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಆ ಮುನವಳ್ಳಿ ಹುಡುಗ, ಜಗಳಗಂಟ, ಅವನನ್ನು ಯಾಕೆ ಬಿಟ್ಟಿ? ಮೊದಲು ಅವನ ಮನೆಗೆ ಹೋಗಿ ಮಾತಾಡಿಸು. ಆಮೇಲೆ ಡ್ರೋನ್ ಬಾಡಿಗೆಗೆ ಇಟ್ಟ ರೊಕ್ಕದಲ್ಲಿ ರಾಮದುರ್ಗಕ್ಕೆ ಹೋಗಿ ತಿಂಗಳಿರು. ನೇಕಾರರ ಓಣಿಯಲ್ಲಿ ಕೂಡು. ಹದಿನೈದು ದಿನ ಕ್ಯಾಮೆರಾ ಚೀಲ ಬಿಚ್ಚಬೇಡ. ಮಗ್ಗದ ಸದ್ದು ಯಾವಾಗ ನಿಲ್ಲುತ್ತದೆ, ನಿಂತಾಗ ಮನೆಯೊಳಗಿಂದ ಯಾರು ಇಣುಕುತ್ತಾರೆ, ಅಷ್ಟು ನೋಡಿಕೊಂಡು ಬಾ.

ಹೊಸ ಚಿತ್ರ ಮುಗಿದಾಗ ನಮ್ಮ ಮನೆಗೇ ತಾ. ಪಡಸಾಲೆಯ ಗೋಡೆಗೆ ಬಿಳಿ ಧೋತರ ಕಟ್ಟಿಸುತ್ತೇನೆ. ನಾನು ಬಾಗಿಲ ಹತ್ತಿರ ನಿಂತು ಕೂತವರನ್ನು ನೋಡುತ್ತೇನೆ, ಹಳೇ ಚಾಳಿ. ಆವತ್ತು ಕೂಗಿದ ಹಮಾಲ ತೀರಿಹೋದ. ಅವನ ಮಗ ಇದ್ದಾನೆ, ಬಜಾರದಲ್ಲಿ ಗಾಡಿ ಹೊಡೆಯುತ್ತಾನೆ, ಅಪ್ಪನ ಹಾಗೆಯೇ ಬಾಯಿ. ಅವನಿಗೂ ಹೇಳಿಟ್ಟಿದ್ದೇನೆ.